ಉಕ್ಕಿದ ಹಾಲು, ಆರಿದ ಒಲೆ

ಹಾಲು ಉಕ್ಕಿದ್ದು ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಆ ಫೋಟೋ ತೆಗೆದವಳು ನಾನೇ, ಅದರ ಮೂಲೆಯಲ್ಲಿ ಸಮಯ ಮೂಡಿದೆ. ಬಾಗೂರಿನ ಸಿದ್ದೇಶಣ್ಣನವರ ತಾಯಿ ಹೊಸ ಗಾಡಿಯ ಪುಟ್ಟ ಒಲೆಯ ಮುಂದೆ ಕೈಮುಗಿದು ನಿಂತಿದ್ದಾರೆ. ಹಿತ್ತಾಳೆ ಪಾತ್ರೆಯಿಂದ ಹಾಲು ಪೂರ್ವದ ಕಡೆಗೆ ಇಳಿಯುತ್ತಿದೆ. ಸೊಸೆ ಲತಾ ನಗುತ್ತಿದ್ದಾಳೆ. ಪಾತ್ರೆಯ ಕೆಳಗೆ ಬೆಂಕಿ ಇಲ್ಲ. ಅದು ನನಗೆ ಕಂಡದ್ದು ಮನೆಗೆ ಬಂದು ಫೋಟೋವನ್ನು ದೊಡ್ಡದು ಮಾಡಿ ನೋಡಿದ ಮೇಲೆ. ಈಗ ನೋಡಿದರೆ ಅದೊಂದೇ ಕಾಣುತ್ತದೆ.

ಗಾಡಿ ಮಾರುವ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಈಗಲೂ ನನ್ನನ್ನು ಕೇಳುತ್ತಾರೆ, ಕಸ್ಟಮರ್ ಕೇರ್ ಅಂದರೆ ಏನು ಮೇಡಂ, ಏನು ಕಲಿಯಬೇಕು ಎಂದು. ಬಿ.ಕಾಂ. ಮುಗಿಸಿ ಮೊದಲು ಟ್ರ್ಯಾಕ್ಟರ್ ಶೋರೂಮಿನಲ್ಲಿ, ಆಮೇಲೆ ಈ ಮನೆಗಾಡಿಗಳ ಶೋರೂಮಿನಲ್ಲಿ ನಾನು ದುಡಿದೆ. ಹೋದ ವರ್ಷ ನಿವೃತ್ತಳಾದೆ. ಹೇಳಿಕೊಡುವಂಥದ್ದು ನನ್ನಲ್ಲಿ ಬಹಳ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬರೆಯುವಾಗ ಅಡುಗೆಮನೆಗೆ ಎದ್ದು ಹೋಗಿ ರೆಗ್ಯುಲೇಟರ್ ಮುಟ್ಟಿ ನೋಡಿ ಬರಬೇಕೆನ್ನಿಸುತ್ತದೆ. ಒಮ್ಮೆ ಹೋಗಿಯೂ ಬಂದೆ.

ಮನೆಗಾಡಿ ಎಂದರೆ ಗೊತ್ತಿಲ್ಲದವರಿಗೆ: ದೊಡ್ಡ ವ್ಯಾನಿನೊಳಗೆ ಎರಡು ಹಾಸಿಗೆ, ಮಡಚುವ ಮೇಜು, ಸಿಂಕು, ಮೂಲೆಯಲ್ಲಿ ಬೀರುವಿನಷ್ಟಗಲದ ಕಕ್ಕಸು, ಎರಡು ಬರ್ನರಿನ ಗ್ಯಾಸ್ ಒಲೆ. ಸಣ್ಣ ಸಿಲಿಂಡರ್ ಹಿಂಭಾಗದ ಪೆಟ್ಟಿಗೆಯಲ್ಲಿರುತ್ತದೆ, ಅದರ ಬಾಗಿಲು ಹೊರಗಿನಿಂದ. ಕುಟುಂಬ ಸಮೇತ ಊರೂರು ತಿರುಗಬಹುದು, ಲಾಡ್ಜು ಹುಡುಕಬೇಕಾಗಿಲ್ಲ. ನಮ್ಮ ಶೋರೂಮ್ ಚಿತ್ರದುರ್ಗದ ಹೊರಗೆ ಹೆದ್ದಾರಿಯ ಪಕ್ಕದಲ್ಲಿತ್ತು. ಯಜಮಾನರು ಓಂಕಾರಪ್ಪ. ಶೇಂಗಾ ಎಣ್ಣೆ ಮಿಲ್ಲಿನಿಂದ ಈ ವ್ಯಾಪಾರಕ್ಕೆ ಬಂದವರು. ಮಾತು ಒರಟು, ಸಂಬಳ ಕೊಡುವುದರಲ್ಲಿ ಒಂದು ದಿನವೂ ತಡ ಮಾಡಿದವರಲ್ಲ. ಮೆಕ್ಯಾನಿಕ್ ಖಾದರ್. ಗ್ರಾಹಕರ ಮನೆಗೆ ಹೋಗುವುದು ನಾವಿಬ್ಬರೇ.

ಮೊದಲ ವರ್ಷ ಜನಕ್ಕೆ ಇದು ಏನೆಂದು ತಿಳಿಸುವುದೇ ನನ್ನ ಕೆಲಸವಾಗಿತ್ತು. ಹೊಳಲ್ಕೆರೆಯ ಸಂತೆಯ ದಿನ ಗಾಡಿ ನಿಲ್ಲಿಸಿ, ಬಾಗಿಲು ತೆರೆದು, ಕರಪತ್ರ ಹಿಡಿದು ನಿಂತೆ. ಗಾಡಿ ಬಿಳಿಯದು, ನನ್ನ ಸಮವಸ್ತ್ರದ ಸೀರೆಯೂ ಬಿಳಿಯದು. ಸ್ವಲ್ಪ ಹೊತ್ತಿಗೆ ಉದ್ದ ಸಾಲು ನಿಂತಿತು. ಪರವಾಗಿಲ್ಲವೇ ಎಂದುಕೊಂಡೆ. ಸಾಲಿನ ಮೊದಲಿಗಿದ್ದ ಅಜ್ಜ ಅಂಗಿಯ ತೋಳು ಮಡಚಿ ಕೈ ಚಾಚಿದರು.

“ಬಿ.ಪಿ. ನೋಡವ್ವ. ಹೋದ ಸಲ ಬಂದಾಕಿ ಜಾಸ್ತಿ ಐತೆ ಅಂದಿದ್ಲು.”

“ಇದು ಆಸ್ಪತ್ರೆ ಗಾಡಿ ಅಲ್ಲ ತಾತ, ಮಾರಾಟಕ್ಕಿರೋದು.”

“ಮತ್ತೆ ಮಂಚ ಯಾಕೆ ಹಾಕೀರಿ?”

ಮಲಗೋಕೆ ಎಂದೆ. ಅವರು ಹಿಂದೆ ತಿರುಗಿ ಸಾಲಿಗೆಲ್ಲ ಕೇಳುವ ಹಾಗೆ, “ಬರ್ರಪ್ಪ, ಹೋಗಾಣ. ಇಲ್ಲಿ ಬರೀ ಮಲಗಿಸ್ತಾರಂತೆ, ಗುಳಿಗೆ ಕೊಡಲ್ಲ” ಎಂದರು. ಖಾದರ್ ಗಾಡಿಯ ಹಿಂದೆ ಹೋಗಿ ನಕ್ಕು ಬಂದ.

ಬೆಂಗಳೂರಿನಿಂದ ಬಂದ ಸೇಲ್ಸ್ ಮ್ಯಾನೇಜರ್ ಒಬ್ಬರು ಕೆಲವು ತಿಂಗಳು ನಮ್ಮ ಮೇಲಿದ್ದರು. ಮಾತಾಡುವಾಗ ಗ್ರಾಹಕನ ಹೆಸರನ್ನು ಮೂರು ಸಲವಾದರೂ ಹೇಳಬೇಕೆಂದು ಕಲಿಸಿದರು. ಹಿರಿಯೂರಿನ ಅಡಿಕೆ ವ್ಯಾಪಾರಿಯ ಹೆಸರನ್ನು ಅವರೇ ಮೂರು ಸಲ ಹೇಳಿದಾಗ ಆ ಮನುಷ್ಯ, “ಯಾಕೆ ಸಾಮಿ, ಮರೆತೋಗ್ತೈತೇನು?” ಎಂದು ಕೇಳಿ ಎದ್ದು ಹೋದ. ಇಲ್ಲಿ ಅಣ್ಣ, ಅಕ್ಕ, ಅಜ್ಜಿ ಎಂದರೆ ಸಾಕು. ಅಜ್ಜಿ ಒಪ್ಪಿದರೆ ಗಾಡಿ ಮಾರಾಟವಾದ ಹಾಗೆಯೇ.

ಹಾಲಿನ ಪದ್ಧತಿ ಶುರುವಾದದ್ದೂ ಹಾಗೆಯೇ. ನಮ್ಮ ಮೊದಲ ಗ್ರಾಹಕರು ಹೊಳಲ್ಕೆರೆಯ ಮೇಷ್ಟ್ರು ದಂಪತಿ. ಕೀಲಿ ಕೊಡುವ ದಿನ ಮೇಷ್ಟ್ರ ಹೆಂಡತಿ ಒಳಗೆ ಹೋಗಲು ಒಪ್ಪಲಿಲ್ಲ. “ಗಾಡಿ ಆಗಿದ್ರೆ ನಿಂಬೆಹಣ್ಣು ಸಾಕಿತ್ತು. ಮಲಗಿ ಏಳೋ ಜಾಗ ಅಂದ್ಮೇಲೆ ಮನೆ. ಹಾಲು ಉಕ್ಕದಿರೋ ಮನ್ಯಾಗೆ ನಾನು ಮಲಗಲ್ಲ” ಎಂದರು. ಪಕ್ಕದ ಹೋಟೆಲಿನಿಂದ ಹಾಲು ತರಿಸಿ ಉಕ್ಕಿಸಿದೆವು. ಆ ಫೋಟೋ ವಾಟ್ಸಾಪಿನಲ್ಲಿ ಎಲ್ಲೆಲ್ಲೋ ಹೋಯಿತು. ಎರಡೇ ದಿನದಲ್ಲಿ ಫೋನಿನ ಮೇಲೆ ಫೋನು. ಕರಪತ್ರ ಹಂಚಿ ಆಗದ್ದು ಹಾಲಿನಿಂದ ಆಗಿತ್ತು. ಓಂಕಾರಪ್ಪನವರು ಆ ವಾರವೇ “ಚಕ್ರದ ಮೇಲೆ ಗೃಹಪ್ರವೇಶ” ಎಂದು ಫಲಕ ಬರೆಸಿದರು. ಪ್ರತಿ ಗಾಡಿಯ ಜೊತೆ ಒಂದು ಹಿತ್ತಾಳೆ ಪಾತ್ರೆ ಉಡುಗೊರೆ. ಅಂಗಳದಲ್ಲಿ ಬಾಗಿಲು ಕಿಟಕಿ ತೆರೆದ ಗಾಡಿ, ಸುತ್ತ ಇಪ್ಪತ್ತು ಜನ. ಉಕ್ಕಿದ ಕೂಡಲೇ ಖಾದರ್ ಕೈ ಹಾಕಿ ಒಲೆ ಆರಿಸುತ್ತಿದ್ದ. ಹಾಲು ಬಿದ್ದು ಒಲೆ ತಾನೇ ಆರಿತ್ತೋ ಇವನು ಆರಿಸಿದನೋ ಎಂದು ಯಾರೂ ನೋಡಿರಲಿಲ್ಲ.

ಒಲೆಗಳಲ್ಲಿ ಎರಡು ಬಗೆ. ಒಂದರಲ್ಲಿ ಬೆಂಕಿ ಆರಿದರೆ ಗ್ಯಾಸೂ ತಾನಾಗಿ ನಿಲ್ಲುತ್ತದೆ. ಇನ್ನೊಂದರಲ್ಲಿ ನಿಲ್ಲುವುದಿಲ್ಲ. ನಮ್ಮ ಮೊದಲ ಗಾಡಿಗಳಲ್ಲಿ ಇದ್ದದ್ದು ಎರಡನೆಯದು. ಗಾಡಿ ಕಟ್ಟಿಕೊಡುತ್ತಿದ್ದವರು ಅದನ್ನೇ ಕೂರಿಸಿ ಕಳಿಸುತ್ತಿದ್ದರು. ನಾವು ಒಲೆ ಹೊತ್ತಿತೇ ಎಂದಷ್ಟೇ ನೋಡಿ ಗಾಡಿ ಇಳಿಸಿಕೊಳ್ಳುತ್ತಿದ್ದೆವು.

ಸಿದ್ದೇಶಣ್ಣ ತೆಂಗಿನಕಾಯಿ ವ್ಯಾಪಾರಿ. ತಾಯಿಯನ್ನು ಹಾಲುರಾಮೇಶ್ವರದಿಂದ ಶುರುಮಾಡಿ ಕಾಶಿಯವರೆಗೆ ಕರೆದುಕೊಂಡು ಹೋಗಬೇಕೆಂದು ಗಾಡಿ ಕೊಂಡವರು. ಹಾಲು ಶೋರೂಮಿನಲ್ಲಿ ಬೇಡ, ತಮ್ಮ ಮನೆಯ ಮುಂದೆಯೇ ಉಕ್ಕಬೇಕೆಂದರು. ಶ್ರಾವಣದ ಗುರುವಾರ. ಖಾದರ್ ಗಾಡಿ ಓಡಿಸಿದ, ನಾನು ಪಕ್ಕದಲ್ಲಿ ಕುಳಿತು ಹೋದೆ. ಹೊಸದುರ್ಗದ ಕಡೆಯ ಗಾಳಿ ಗೊತ್ತಲ್ಲ, ಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನುಗಳೆಲ್ಲ ತಿರುಗುತ್ತಿದ್ದವು. ಬಾಗೂರು ಮುಟ್ಟುವ ಹೊತ್ತಿಗೆ ಹೂವಿನ ಹಾರ ಅರ್ಧ ಉದುರಿತ್ತು.

ಮೊದಲ ಸಲ ಹಚ್ಚಿದಾಗ ಒಲೆ ಗಾಳಿಗೆ ಆರಿತು. ಅಜ್ಜಿಗೆ ಅದು ಸರಿಬರಲಿಲ್ಲ. “ಬಾಗಿಲು ಹಾಕ್ರಿ, ಕಿಟಕಿನೂ ಹಾಕ್ರಿ. ಒಲೆ ಆರಿಸ್ಕಂಡು ಮನೆ ಹೊಗೋದೇನು?” ಎಂದರು. ಎಲ್ಲ ಮುಚ್ಚಿದರು. ಬಂದ ಹೆಂಗಸರು ಕೂರಲಿ ಎಂದು ಲತಾ ತವರಿನಿಂದ ಬಂದ ಹೊಸ ಜಮಖಾನವನ್ನು ನೆಲಕ್ಕೆ ಹಾಸಿದ್ದಳು. ಗ್ಯಾಸ್ ಸೋರಿದರೆ ಹೊರಗೆ ಹೋಗಲೆಂದು ನೆಲದಲ್ಲಿ ಸಣ್ಣ ಜಾಲರಿ ಕಂಡಿಗಳಿರುತ್ತವೆ. ಅವು ಜಮಖಾನದ ಅಡಿಗೆ ಹೋದವು. ಒಂದು ಬರ್ನರಿನಲ್ಲಿ ಹಾಲು, ಇನ್ನೊಂದರಲ್ಲಿ ಪಾಯಸ. ಹಾಲು ಜೋರಾಗಿ ಉಕ್ಕಿ ಎರಡರ ಮೇಲೂ ಹರಿಯಿತು. ಎಲ್ಲರೂ ಕೈಮುಗಿದರು. ನಾನು ಫೋಟೋ ತೆಗೆದೆ. ಅಜ್ಜಿ ಪಾತ್ರೆಗಳನ್ನು ಇಳಿಸಿದರು. ಬೆಂಕಿ ಕಾಣಲಿಲ್ಲ, ಯಾರೋ ಆರಿಸಿದ್ದಾರೆ ಎಂದು ಅವರು ಅಂದುಕೊಂಡರು. ನಾನೂ ಹಾಗೆಯೇ. ಖಾದರನನ್ನು ಸಿದ್ದೇಶಣ್ಣ ಆಗಲೇ ಹೊರಗೆ ಕರೆದಿದ್ದರು, ಗಾಡಿಯ ಪಕ್ಕಕ್ಕೆ ಬಿಚ್ಚುವ ಬಟ್ಟೆಯ ಚಪ್ಪರ ಗಾಳಿಗೆ ಹಾರುತ್ತಿತ್ತು.

ನಾವು ಮನೆಯ ಪಡಸಾಲೆಯಲ್ಲಿ ಹೋಳಿಗೆ ಊಟಕ್ಕೆ ಕುಳಿತೆವು. ನೆರೆಯ ಹೆಂಗಸರು ಇಳಿದು ಹೋದರು. ಲತಾ ಕಿರಿಯ ಮಗಳನ್ನು ಗಾಡಿಯೊಳಗಿನ ಹೊಸ ಹಾಸಿಗೆಯಲ್ಲಿ ಮಲಗಿಸಿದಳು. ಅಜ್ಜಿ ಮೂಲೆಯಲ್ಲಿ ದೇವರ ಪಟ ಇಟ್ಟು ಹೂ ಮುಡಿಸುತ್ತಿದ್ದರು. ಧೂಳು ಬರುತ್ತದೆಂದು ಬಾಗಿಲು ಮುಚ್ಚಿಯೇ ಇತ್ತು. ಒಳಗೆಲ್ಲ ಸೀದ ಹಾಲಿನ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಏರುತ್ತಿದ್ದುದು ಒಳಗಿದ್ದವರ ಮೂಗಿಗೆ ತಿಳಿಯಲಿಲ್ಲ.

ಊಟ ಮುಗಿಸಿ ಕೈ ತೊಳೆದು ನಾನು ಗಾಡಿಯ ಕಡೆ ಹೊರಟೆ. ಒಳಗಿದ್ದ ಲತಾಳ ಹಿರಿಯ ಮಗಳು ಬಾಗಿಲು ಸರಿಸಿ ಇಳಿದಳು. “ಆಂಟಿ, ತಲೆ ಸುತ್ತುತೈತೆ” ಎಂದು ಮೆಟ್ಟಿಲ ಮೇಲೆಯೇ ಕುಳಿತಳು. ಅವಳ ಹಿಂದಿನಿಂದ ಬಂದ ಗಾಳಿ ನನ್ನ ಮುಖಕ್ಕೆ ಬಡಿಯಿತು. ಗ್ಯಾಸ್. ಒಳಗೆ ದೇವರ ಪಟದ ಮುಂದೆ ಅಜ್ಜಿ ಬಗ್ಗಿ ನಿಂತಿದ್ದರು. ಎಡಗೈಯಲ್ಲಿ ಕಡ್ಡಿಪೆಟ್ಟಿಗೆ, ಬಲಗೈಯಲ್ಲಿ ಕಡ್ಡಿ. ದೀಪಕ್ಕೆ ಎಣ್ಣೆ ಹಾಕಿ ಆಗಿತ್ತು.

ಕೂಗಬೇಕೆಂದು ಬಾಯಿ ತೆರೆದೆ. ಗ್ಯಾಸ್ ಎಂದರೆ ಆ ಮುದುಕಿ ‘ಏನು’ ಎನ್ನುತ್ತಲೇ ಕಡ್ಡಿ ಗೀರಿಬಿಡುತ್ತಾರೆ ಎಂದು ತೋರಿತು. ಆಗ ನನ್ನ ಬಾಯಿಂದ ಬಂದ ಮಾತು ಎಲ್ಲಿಂದ ಬಂತೋ ಇವತ್ತಿಗೂ ಗೊತ್ತಿಲ್ಲ.

“ಅಜ್ಜೀ, ತಡೀರಿ. ರಾಹುಕಾಲ.”

ಕೈ ಅಲ್ಲೇ ನಿಂತಿತು. ಅಜ್ಜಿ ನಿಧಾನವಾಗಿ ನನ್ನ ಕಡೆ ತಿರುಗಿದರು.

“ಯಾರೇ ಹೇಳಿದ್ದು ನಿಂಗೆ? ಗುರುವಾರ ರಾಹುಕಾಲ ಒಂದೂವರೆ ಮೇಲೆ. ಇನ್ನೂ ಹನ್ನೆರಡೂವರೆ ಆಗೈತೆ.”

“ಇಲ್ಲ ಅಜ್ಜಿ, ಶುರುವಾಗಿದೆ. ಹೊರಗೆ ಬನ್ನಿ, ಪಂಚಾಂಗ ತೋರಿಸ್ತೀನಿ.”

“ನಂಗೆ ಪಂಚಾಂಗ ತೋರಿಸ್ತಾಳಂತೆ. ಓದಿದೋರಿಗೆ ರಾಹುಕಾಲನೂ ಬ್ಯಾರೆ ಆಗೈತೇನೋ” ಎನ್ನುತ್ತ ನನ್ನ ಜೊತೆ ವಾದಿಸಲೆಂದೇ ಅಜ್ಜಿ ಮೆಟ್ಟಿಲಿಳಿದು ಬಂದರು. ಕಡ್ಡಿಪೆಟ್ಟಿಗೆ ಕಸಿದುಕೊಂಡು ದೂರ ಎಸೆದೆ. ಅವರು ಬೈಯತೊಡಗಿದರು. ಖಾದರನನ್ನು ಕೂಗಿದೆ. ಅವನು ಒಂದು ಉಸಿರು ಎಳೆದದ್ದೇ ಹಿಂದಕ್ಕೆ ಓಡಿ ಸಿಲಿಂಡರ್ ಬಂದ್ ಮಾಡಿದ. ಲತಾ ಒಳಗಿಂದ “ಏನಾತು, ವಾಸನೆಗೆ ಫ್ಯಾನ್ ಹಾಕ್ಲೇನ್ರಿ?” ಎಂದು ಸ್ವಿಚ್ಚಿನ ಕಡೆ ಕೈ ಚಾಚಿದಳು.

“ಸ್ವಿಚ್ ಮುಟ್ಟಬೇಡ. ಇಳಿ. ಏನೂ ಮುಟ್ಟದೆ ಇಳಿ.”

ಅವಳು ಇಳಿದಳು. ಇಳಿದು ನಿಂತು, ಕೈಗಳನ್ನು ನೋಡಿಕೊಂಡು, “ಪುಟ್ಟಿ” ಎಂದಳು.

ಮಗು ಕೆಳಗಿನ ಹಾಸಿಗೆಯಲ್ಲಿತ್ತು. ಗ್ಯಾಸ್ ಗಾಳಿಗಿಂತ ಭಾರ, ನೀರಿನ ಹಾಗೆ ಕೆಳಗೇ ನಿಲ್ಲುತ್ತದೆ ಎಂದು ಕೈಪಿಡಿಯಲ್ಲಿ ಓದಿದ್ದೆ. ನೈಲಾನ್ ಬಟ್ಟೆ ಉಜ್ಜಿದರೆ ಕಿಡಿ ಹುಟ್ಟಬಹುದೆಂದೂ ಓದಿದ್ದೆ. ನಾನು ಉಟ್ಟಿದ್ದು ಕಂಪನಿ ಕೊಟ್ಟ ಪಾಲಿಯೆಸ್ಟರ್ ಸೀರೆ. ಬಾಗಿಲಿಗೆ ಹತ್ತಿರ ಇದ್ದವಳು ನಾನೇ. ಉಸಿರು ಬಿಗಿಹಿಡಿದು ಹತ್ತಿದೆ. ಸೆರಗು ಎಲ್ಲಿಗೂ ತಾಗದ ಹಾಗೆ ಹೊಟ್ಟೆಗೆ ಒತ್ತಿಕೊಂಡು ಜಮಖಾನದ ಮೇಲೆ ನಡೆದೆ. ಆ ಗಾಡಿ ಎಷ್ಟು ಸಣ್ಣದೆಂದು ನನಗೆ ಗೊತ್ತು, ಅದರ ಅಳತೆಯನ್ನು ಎಷ್ಟು ಜನಕ್ಕೆ ಬಾಯಿಪಾಠ ಒಪ್ಪಿಸಿದ್ದೇನೆ. ಅವತ್ತು ಅದು ಮುಗಿಯಲೇ ಇಲ್ಲ. ಮಗುವಿನ ಕಾಲಿನಲ್ಲಿ ಬೆಳ್ಳಿ ಗೆಜ್ಜೆ ಇತ್ತು. ಎತ್ತಿದಾಗ ಮಂಚದ ಕಬ್ಬಿಣದ ಪಟ್ಟಿಗೆ ತಗುಲಿ ಟಣ್ ಎಂದಿತು. ನನಗೆ ಈಗಲೂ ಕೇಳುವುದು ಆ ಸದ್ದು.

ಹೊರಗೆ ತಂದು ಲತಾಳ ಕೈಗೆ ಹಾಕಿದೆ. ಮಗು ಕಣ್ಣು ಬಿಟ್ಟು, ವಾಂತಿ ಮಾಡಿ, ಅತ್ತಿತು. ಹೊಸದುರ್ಗದ ಆಸ್ಪತ್ರೆಯಲ್ಲಿ ಮಕ್ಕಳಿಬ್ಬರನ್ನೂ ನೋಡಿ, ಏನೂ ತೊಂದರೆ ಇಲ್ಲವೆಂದು ಸಂಜೆಗೆ ಕಳಿಸಿದರು.

ಏನೂ ಆಗಲಿಲ್ಲ. ಅದೇ ಆಮೇಲಿನ ಕಷ್ಟಕ್ಕೆಲ್ಲ ಮೂಲ. ಬೆಂಕಿ ಬಿದ್ದಿದ್ದರೆ ಎಲ್ಲರೂ ನಂಬುತ್ತಿದ್ದರು. ಕಿಟಕಿ ತೆರೆದು ಗಾಳಿಯಾಡಿದ ಮೇಲೆ ನೋಡಿದರೆ ಗಾಡಿ ಮೊದಲಿನ ಹಾಗೇ ಹೂವು ಮುಡಿದು ನಿಂತಿತ್ತು. ಸಿದ್ದೇಶಣ್ಣ, “ವಾಸನೆ ಜಾಸ್ತಿ ಆಗಿತ್ತು ನೋಡ್ರಿ” ಎಂದು ಬಂದವರಿಗೆ ಹೇಳುತ್ತಿದ್ದರು. ಪಕ್ಕದ ಮನೆಯವನೊಬ್ಬ ಅದೇ ಬಾಗಿಲಿಗೆ ಒರಗಿ ಬೀಡಿ ಬಾಯಿಗಿಟ್ಟ. ಖಾದರ್ ಅದನ್ನು ಕಿತ್ತೆಸೆದಾಗ ಜಗಳವೇ ಆಯಿತು. ಅಜ್ಜಿಯೊಬ್ಬರು ಮಾತ್ರ ನಾನು ಹೊರಡುವಾಗ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: “ಇನ್ಮೇಲೆ ಗುರುವಾರ ಹನ್ನೆರಡೂವರೆಗೂ ರಾಹುಕಾಲ ಅಂತ್ಲೇ ನಾನು ನಂಬ್ತೀನಿ, ತಗಾ.”

ಹಿಂದಿರುಗುವಾಗ ಬಸ್ಸಿನಲ್ಲಿ ಖಾದರ್ ಕೇಳಿದ: “ಮೇಡಂ, ನಾವು ಇಲ್ಲೀತಂಕ ಎಷ್ಟು ಕಡೆ ಹಾಲು ಉಕ್ಸೀವಿ?”

ಇಬ್ಬರಿಗೂ ಅದೇ ಯೋಚನೆ. ಹಾಲು ಉಕ್ಕಿಸಲು ನಾವೇ ಕಲಿಸಿದ್ದೆವು. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಹೊಸ ಪ್ರಯಾಣಕ್ಕೆ ಜನ ಮತ್ತೆ ಮತ್ತೆ ಉಕ್ಕಿಸಿ ನಮಗೆ ಫೋಟೋ ಕಳಿಸುತ್ತಿದ್ದರು, ನಾನು ಕೈಮುಗಿಯುವ ಚಿತ್ರ ಹಾಕಿ ಉತ್ತರಿಸುತ್ತಿದ್ದೆ. ಆ ಒಲೆಗಳೆಲ್ಲ ಇನ್ನೂ ಊರೂರಿನಲ್ಲಿದ್ದವು.

ಅಂದಿನಿಂದ ನನಗೆ ನಿದ್ದೆ ಬಿಟ್ಟುಹೋಯಿತು. ಕಣ್ಣು ಹತ್ತಿದರೆ ಗೆಜ್ಜೆ ಟಣ್ ಎನ್ನುತ್ತಿತ್ತು. ಕನಸಿನಲ್ಲಿ ಅಜ್ಜಿ ನನ್ನ ಜೊತೆ ವಾದಕ್ಕೆ ಬರುತ್ತಿರಲಿಲ್ಲ. ‘ಹೌದೇನು’ ಎಂದು ಅತ್ತ ತಿರುಗಿ ಕಡ್ಡಿ ಗೀರುತ್ತಿದ್ದರು.

ಮರುದಿನ ಓಂಕಾರಪ್ಪನವರ ಮುಂದೆ ಕುಳಿತು ಎಲ್ಲ ಹೇಳಿದೆ. ಹಳೆಯ ಗ್ರಾಹಕರಿಗೆಲ್ಲ ಫೋನ್ ಮಾಡಿ ಒಲೆ ಹಚ್ಚಬೇಡಿ ಎನ್ನಬೇಕು, ಒಲೆ ಬದಲಿಸಿಕೊಡಬೇಕು ಎಂದೆ.

“ಏನಾರ ಆತೇನ್ರಿ ಮೇಡಂ? ಇಲ್ಲವಲ್ಲ” ಎಂದರು ಅವರು. “ಗ್ಯಾಸ್ ಸೋರ್ತೈತೆ ಅಂತ ನಾವೇ ಫೋನ್ ಮಾಡಿದ್ರೆ ನಾಳೆ ಶೋರೂಮಿಗೆ ನಾಯಿನೂ ಬರಲ್ಲ.”

“ಆದ ಮೇಲೆ ಫೋನ್ ಮಾಡೋಕೆ ಯಾರೂ ಉಳಿದಿರಲ್ಲ ಸರ್.”

ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. “ಒಲೆ ಬದಲಾಯಿಸಾಣ. ಆದ್ರೆ ಗ್ಯಾಸಿನ ಸುದ್ದಿ ಬೇಡ. ಹೊಸ ಒಲೆ ಉಡುಗೊರೆ ಅಂತ ಹೇಳ್ರಿ. ಉಚಿತ ಸರ್ವಿಸ್ ಕ್ಯಾಂಪ್ ಅಂತ ಹಾಕ್ರಿ.” ಅಷ್ಟಕ್ಕೆ ಒಪ್ಪಿದರಲ್ಲ ಎಂದು ಎದ್ದೆ.

ಉಡುಗೊರೆ ಎಂದು ಫೋನ್ ಮಾಡಿದೆ. ಮೇಷ್ಟ್ರ ಹೆಂಡತಿ, “ಹಳೇದು ಚೆನ್ನಾಗೈತಲ್ಲ, ದೀಪಾವಳಿ ಕಳೀಲಿ” ಎಂದರು. ಹಿರಿಯೂರಿನವರೊಬ್ಬರು ಒಲೆಯ ಬದಲು ಕುಕ್ಕರ್ ಕೊಡುತ್ತೀರಾ ಎಂದು ಕೇಳಿದರು. ಇನ್ನೊಬ್ಬರು, “ನಿಮ್ಮ ಆಫರೆಲ್ಲ ಗೊತ್ತು ಬಿಡ್ರಿ, ಆಮೇಲೆ ಬಿಲ್ ಹಾಕ್ತೀರಿ” ಎಂದು ಇಟ್ಟರು. ಒಂದು ವಾರ ಕಳೆದರೂ ಒಂದು ಗಾಡಿಯೂ ಬರಲಿಲ್ಲ. ಸಿಹಿಯಾಗಿ ಹೇಳುವುದನ್ನೇ ನಮಗೆ ಕಲಿಸಿದ್ದರು. ಸಿಹಿಯಾಗಿ ಹೇಳಿದ ಮಾತಿಗೆ ಯಾರೂ ಓಡಿ ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಯಜಮಾನರು ಬರುವ ಮೊದಲೇ ಫೋನ್ ಹಿಡಿದು ಕುಳಿತೆ. “ಅಕ್ಕ, ಆ ಒಲೆ ಆರಿದರೆ ಗ್ಯಾಸ್ ನಿಲ್ಲಲ್ಲ. ಬಾಗೂರಿನಲ್ಲಿ ಒಂದು ಮಗು ಸ್ವಲ್ಪದರಲ್ಲಿ ಉಳಿಯಿತು, ನನ್ನ ಕೈಯಾರೆ ಎತ್ತಿ ತಂದಿದ್ದೇನೆ. ನಾವು ಬರುವವರೆಗೆ ಸಿಲಿಂಡರ್ ಬಿಚ್ಚಿ ಹೊರಗಿಡಿ.” ಇಷ್ಟೇ ಹೇಳಿದೆ. ಮಧ್ಯಾಹ್ನಕ್ಕೆ ಮೂರು ಗಾಡಿಗಳು ಅಂಗಳದಲ್ಲಿದ್ದವು. ಓಂಕಾರಪ್ಪನವರು ಬಂದು ನೋಡಿದರು, ವಿಷಯ ತಿಳಿಯಿತು, ಮುಖ ಕೆಂಪಾಯಿತು. ಬೈಯುತ್ತಾರೆಂದು ನಿಂತೆ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ಅವರ ಹತ್ತಿರ ಹೋಗಿ, “ಹೇಳಿದ್ರಲ್ಲ, ಪುಣ್ಯ ಕಟ್ಕಂಡ್ರಿ” ಎಂದರು. ಅವರು ನನ್ನ ಕಡೆ ನೋಡದೆ ಒಳಗೆ ಹೋದರು. ಫಲಕ ಮಾತ್ರ ಸಂಜೆ ತಾವೇ ನಿಂತು ಇಳಿಸಿದರು.

ಹದಿನೈದು ದಿನದಲ್ಲಿ ಒಂದು ಗಾಡಿ ಬಿಟ್ಟು ಎಲ್ಲವೂ ಬಂದವು. ಆ ಒಂದು ಜವನಗೊಂಡನಹಳ್ಳಿಯ ಕರಿಯಣ್ಣನದು. ದೊಡ್ಡ ಕುರಿಹಿಂಡಿನ ಒಡೆಯ. ಹೆಂಡತಿ ಈರಮ್ಮನಿಗೆ ಮಂಡಿನೋವು, ಹೊಲದಲ್ಲಿ ನೆಲದ ಮೇಲೆ ಮಲಗಲಾಗುವುದಿಲ್ಲವೆಂದು ನಮ್ಮ ಹಳೆಯ ಪ್ರದರ್ಶನದ ಗಾಡಿಯನ್ನು ಕೊಂಡಿದ್ದ. ಹಿಂಡು ಹೋದಲ್ಲಿಗೆ ಗಾಡಿಯೂ ಹೋಗುತ್ತದೆ. ಫೋನ್ ಸ್ವಿಚ್ ಆಫ್. ದಿನವೂ ಮಾಡಿದೆ. ಆ ಹೆಣ್ಣುಮಗಳ ಧ್ವನಿಯಲ್ಲಿ ‘ನೀವು ಕರೆ ಮಾಡಿರುವ ಚಂದಾದಾರರು’ ಎಂದು ಕೇಳಿದ ಕೂಡಲೇ ಇಟ್ಟು ಮತ್ತೆ ಒತ್ತುತ್ತಿದ್ದೆ. ಪತ್ರಿಕೆ ಬಿಡಿಸಲು ಹೆದರಿಕೆ. ಎಲ್ಲಾದರೂ ಗಾಡಿಗೆ ಬೆಂಕಿ ಎಂದು ಇರುತ್ತದೋ ಎಂದು ಮೊದಲು ಓಂಕಾರಪ್ಪನವರ ಮಗನಿಂದ ಓದಿಸುತ್ತಿದ್ದೆ.

“ಹೋಗಿ ಹುಡುಕ್ಕಂಡು ಬರ್ರಿ ಮೇಡಂ” ಎಂದು ಓಂಕಾರಪ್ಪನವರೇ ಜೀಪು ಕೊಟ್ಟರು. “ಇಲ್ಲಾಂದ್ರೆ ನೀವು ಮಲಗಲ್ಲ, ನನ್ನನ್ನೂ ಮಲಗಾಕೆ ಬಿಡಲ್ಲ.”

ಜವನಗೊಂಡನಹಳ್ಳಿಯಲ್ಲಿ ಕರಿಯಣ್ಣನ ತಮ್ಮ ಸಿಕ್ಕ. ಹಿಂಡು ಪಡುವಲಕ್ಕೆ ಹೋಗಿದೆ, ಹೊಸದುರ್ಗ ದಾಟಿರಬೇಕು ಎಂದ. ಎಲ್ಲಿ ಎಂದು ಕೇಳಿದರೆ, “ಮೇವು ಇದ್ದ ಕಡೆ” ಎಂದ. ಕುರಿಗಳನ್ನು ಗೊಬ್ಬರಕ್ಕಾಗಿ ರಾತ್ರಿ ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರೆ. ಖಾದರ್ ಅದೇ ದಾರಿ ಹಿಡಿದ. ಊರೂರಿಗೆ ಜೀಪು ನಿಲ್ಲಿಸಿ, ಇಲ್ಲಿ ಯಾರ ಹೊಲದಲ್ಲಿ ಮಂದೆ ಬಿದ್ದಿತ್ತು ಎಂದು ಕೇಳಿದೆವು. ಒಬ್ಬ ರೈತ ನಗುತ್ತ, “ಬಿಳೇ ಗಾಡಿ ಇದ್ದ ಕುರುಬ್ರಲ್ಲೇನ್ರಿ? ನಮ್ಮ ಹೊಲ್ದಾಗೆ ಮೂರು ದಿನ ಇದ್ರು. ನಮ್ಮನೆಯಾಕಿ ಅದ್ರಾಗೆ ಕುಂತು ಫೋಟೋ ತೆಗೆಸ್ಕಂಡ್ಲು” ಎಂದ. ಅವರೆಲ್ಲ ಚೆನ್ನಾಗಿದ್ದರಾ ಎಂದು ಕೇಳಿದೆ. ಅವನು ವಿಚಿತ್ರವಾಗಿ ನೋಡಿದ. “ಯಾಕ್ರಿ, ಏನಾಗೈತೆ ಅವರಿಗೆ?”

ಎರಡನೆಯ ದಿನ ಮಧ್ಯಾಹ್ನ ಹೊಳಲ್ಕೆರೆಯ ಆಚೆ ಒಂದು ಕುಯ್ದ ಜೋಳದ ಹೊಲದಲ್ಲಿ ಗಾಡಿ ಕಂಡಿತು. ಹಿಂಡು ದೂರದಲ್ಲಿ ಮೇಯುತ್ತಿತ್ತು. ಗಾಡಿಯ ಬಾಗಿಲು ಮುಚ್ಚಿತ್ತು, ಕಿಟಕಿಗಳಿಗೆ ಕಂಬಳಿ. ಹತ್ತಿರ ಯಾರೂ ಇಲ್ಲ. ನಾನು ಜೀಪಿನ ಹತ್ತಿರವೇ ನಿಂತೆ. ಖಾದರ್ ಹೋಗಿ ಮೊದಲು ಹಿಂದಿನ ಸಿಲಿಂಡರ್ ಮುಚ್ಚಿ, ಆಮೇಲೆ ಬಾಗಿಲು ಬಡಿದ. ಉತ್ತರ ಇಲ್ಲ. ಮತ್ತೆ ಬಡಿದ.

“ಯಾವನಲೇ ಅದು?” ಎಂದು ನಮ್ಮ ಹಿಂದಿನಿಂದ ಕೇಳಿತು. ಈರಮ್ಮ ತಲೆಯ ಮೇಲೆ ನೀರಿನ ಕೊಡ ಹೊತ್ತು ಬರುತ್ತಿದ್ದಳು. ನಾನು ಅಳುವುದನ್ನು ಕಂಡು ಕೊಡ ಇಳಿಸಿದಳು. “ಶೋರೂಮಕ್ಕ ಅಲ್ಲೇನು? ಕುಂತ್ಕಳ್ರಿ. ಯಾರಿಗೇನಾತು?”

ಫೋನಿಗೇನಾಯಿತೆಂದು ಕೇಳಿದರೆ, ಕರಿಯಣ್ಣನ ಕೈಯಿಂದ ಕೆರೆಗೆ ಬಿದ್ದಿತ್ತಂತೆ. ಒಲೆಯ ವಿಷಯ ಹೇಳಿದೆ. ಅವಳಿಗೆ ನಗು ಬಂತು.

“ಅಯ್ಯೋ, ಅದು ದಿನಾ ಆರ್ತೈತಕ್ಕ. ತಬ್ಬಲಿ ಮರಿಗೆ ಹಾಲು ಕಾಯಿಸ್ತೀನಲ್ಲ, ನಾಕು ಮರಿ ಕಾಲಾಗೆ ಆಡ್ತಿರ್ತಾವೆ, ಹಾಲು ನೋಡಾದೆಲ್ಲಿ? ಉಕ್ತೈತೆ, ಆರ್ತೈತೆ. ಮತ್ತೆ ಕಡ್ಡಿ ಗೀರಿ ಹಚ್ಕಂತೀನಿ.”

ಖಾದರ್ ನನ್ನ ಮುಖ ನೋಡಿದ. “ಅಷ್ಟು ಸಲ ಆರಿದ್ರೂ…” ಎಂದ.

“ಬಾಗಿಲು ತೆಗೆದಿರ್ತಿತ್ತೇನಮ್ಮ?” ಎಂದು ಕೇಳಿದೆ.

“ಹಾಕಿದ್ರೆ ಮರಿ ಕೂಗ್ತಾವಲ್ಲ. ಇಷ್ಟು ದಿನ ತೆಗೆದೇ ಇತ್ತು. ಇವತ್ತಿಂದ ಹಾಕ್ಬೇಕು. ಮಗಳು ಬಾಣಂತಿ, ಮೂರು ತಿಂಗಳ ಕೂಸು, ಸಂಜೀಗೆ ಬರ್ತಾಳೆ. ಗಾಳಿ ಹೊಗಬಾರ್ದು ಅಂತ ಬೆಳಿಗ್ಗೆಯಿಂದ ಎಲ್ಲಾ ಸಂದಿ ಮುಚ್ಚೀನಿ, ನೋಡ್ರಿ ಬರ್ರಿ.”

ಬಾಗಿಲು ತೆರೆದು ತೋರಿಸಿದಳು. ಹೆಮ್ಮೆಯಿಂದ ತೋರಿಸಿದಳು. ಕಿಟಕಿಯ ಅಂಚಿಗೆಲ್ಲ ಕುರಿಯ ಉಣ್ಣೆ ತುರುಕಿತ್ತು. ನೆಲದ ಕಂಡಿಗಳಿಗೂ ಉಣ್ಣೆ ಒತ್ತಿ ಮೇಲೆ ಸಗಣಿ ಸಾರಿಸಿದ್ದಳು. ಹಾಸಿಗೆಗೆ ಹಳೆಯ ಸೀರೆಯ ಮೆತ್ತನೆ ದುಪ್ಪಟಿ. ಮಂಚದ ಪಕ್ಕದಲ್ಲಿ ಕೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯಲು ಕೆಂಡದ ಮಡಕೆ ಸಿದ್ಧವಾಗಿತ್ತು. ಒಲೆಯ ಮೇಲೆ ಸೀದ ಹಾಲಿನ ಕಪ್ಪು ಪದರ. ಅದರ ಮೇಲೆ ಹಾಲು ತುಂಬಿದ ಪಾತ್ರೆ, ಸಂಜೆಗೆಂದು ಮುಚ್ಚಿಟ್ಟದ್ದು.

ನಾನು ಹೊರಗೆ ಬಂದು ಹೊಲದ ಬದುವಿನ ಮೇಲೆ ಕುಳಿತೆ. ಖಾದರ್ ಹಳೆಯ ಒಲೆ ಕಿತ್ತ, ಬೆಂಕಿ ಆರಿದರೆ ಗ್ಯಾಸೂ ನಿಲ್ಲುವ ಹೊಸದು ಕೂರಿಸಿದ, ಪೈಪು ಬದಲಿಸಿ ಸೋಪಿನ ನೊರೆ ಹಚ್ಚಿ ನೋಡಿದ. ನೆಲದ ಕಂಡಿಗಳನ್ನು ಸ್ಕ್ರೂಡ್ರೈವರಿನಿಂದ ಕೆರೆದು ತೆರೆದ. ಈರಮ್ಮನಿಗೆ ಅದು ಹಿಡಿಸಲಿಲ್ಲ. ನಾನು ಬಾಗೂರಿನ ಮಗುವಿನ ಕಥೆ ಹೇಳಿದೆ, ಗೆಜ್ಜೆಯ ಸದ್ದನ್ನೂ ಬಿಡದೆ. ಕೇಳುತ್ತ ಕೇಳುತ್ತ ಅವಳ ಕೈ ಕೆಂಡದ ಮಡಕೆಯ ಕಡೆ ಹೋಯಿತು. ಎತ್ತಿಕೊಂಡು ಹೋಗಿ ಬೇವಿನ ಮರದಡಿ ಇಟ್ಟು ಬಂದಳು. ಆಮೇಲೆ ನನ್ನ ಪಕ್ಕದಲ್ಲಿ ಕುಳಿತಳು. ಸಂಜೆ ಮಗಳು ಬಂದಾಗ, ಗಾಡಿಗೆ ಹತ್ತುವ ಮೊದಲೇ ಕೂಸನ್ನು ಅವಳ ಕೈಯಿಂದ ತೆಗೆದು ನನ್ನ ಮಡಿಲಿಗೆ ಹಾಕಿದಳು.

ಅವತ್ತೇ ನಿದ್ದೆ ಬಂತೆಂದು ಬರೆದರೆ ಸುಳ್ಳಾಗುತ್ತದೆ. ಬರಲಿಲ್ಲ. ಹೊಸ ಒಲೆಯೂ ಕೈಕೊಟ್ಟರೆ, ಈರಮ್ಮ ಮತ್ತೆ ಕಂಡಿ ಮುಚ್ಚಿದರೆ ಎಂದು ಮಾಡಿನ ಕಡೆ ನೋಡುತ್ತ ಮಲಗುತ್ತಿದ್ದೆ. ಎಲ್ಲ ಗಾಡಿ ಮುಗಿಯಿತೆಂದು ಮನಸ್ಸಿಗೆ ಗೊತ್ತಿತ್ತು, ಮೈಗೆ ಗೊತ್ತಾಗಿರಲಿಲ್ಲ.

ಸುಮಾರು ದಿನಗಳ ಮೇಲೆ ಒಂದು ಭಾನುವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಈರಮ್ಮ. ಸಿಟ್ಟಿನಲ್ಲಿದ್ದಳು.

“ಏನಕ್ಕಾ ಇದು ನಿಮ್ಮ ಹೊಸ ಒಲೆ? ಹಾಲು ಉಕ್ಕಿದ್ದೇ ತಡ, ಗ್ಯಾಸೂ ಕಟ್ಟಂತ ನಿಂತೋಗ್ತೈತೆ. ಕೂಸು ಅಳ್ತೈತೆ, ಮರಿ ಕೂಗ್ತಾವೆ. ನಾನು ಆ ಬಟನ್ ಒತ್ತಿ ಹಿಡ್ಕಂಡು ಮತ್ತೆ ಹಚ್ಚಬೇಕು. ಬೆರಳೆಲ್ಲ ನೋವು. ಇದೇ ಮೂರನೇ ಸಲ. ಹಳೇದೇ ಚೆನ್ನಾಗಿತ್ತು. ಇದು ಕೆಟ್ಟೋಗೈತೆ, ಖಾದರಣ್ಣನ್ನ ಕಳಿಸ್ರಿ.”

“ಮೂರು ಸಲವೂ ನಿಂತಿತಾ ಈರಮ್ಮ?”

“ಮೂರು ಸಲನೂ. ನಾನೇನು ಸುಳ್ಳು ಹೇಳ್ತೀನೇನು?”

ಇನ್ನೊಮ್ಮೆ ಹೇಳು ಎಂದೆ. ಅವಳು ಇನ್ನಷ್ಟು ಸಿಟ್ಟಿನಿಂದ ಮೊದಲಿನಿಂದ ಎಲ್ಲ ಹೇಳಿದಳು. ಹಿಂದೆ ಕೂಸಿನ ಅಳು ಕೇಳುತ್ತಿತ್ತು. ಅಷ್ಟು ವರ್ಷದ ಕೆಲಸದಲ್ಲಿ ದೂರುಗಳನ್ನು ಬಹಳ ಕೇಳಿದ್ದೇನೆ, ಹೀಗೆ ಕಣ್ಣು ಮುಚ್ಚಿಕೊಂಡು ಕೇಳಿದ್ದು ಅದೊಂದೇ.

ಅವತ್ತು ರಾತ್ರಿ ಊಟವಾದ ಮೇಲೆ ಸುಮ್ಮನೆ ಹೀಗೆ ಒರಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು.